ಹಕ್ಕಿಗಳ ಗೋಧಿ

ಒಲೆಯ ಪೆಟ್ಟಿಗೆಯಲ್ಲಿ ಪೆಲೆಟ್ ಉರುವಲು ಮುಗಿಯುತ್ತಾ ಬಂದು ತಳ ಕಂಡ ಬೆಳಿಗ್ಗೆ ನಾನು ಮುಚ್ಚಳವನ್ನು ಸದ್ದಾಗದ ಹಾಗೆ ಮುಚ್ಚಿದೆ. ನನ್ನ ಗಂಡ ನೋಲ್ಬೆರ್ತೋ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದ.

"ಏನು ಹುಡುಕ್ತಿದೀಯಾ ಮುದುಕಿ?" ಎಂದ, ತಿರುಗದೆ.

"ಏನಿಲ್ಲ. ಧೂಳು ಒರೆಸ್ತಿದ್ದೆ."

"ಮೇಸ್ತ್ರಿ ಬಂದಿದಾನೆ ನೋಡು. ಅವನೂ ನಿನ್ನ ಹಾಗೇ. ಒಂದು ಕಡೆ ತೆಪ್ಪಗೆ ಕೂರೋಕೆ ಬರಲ್ಲ."

ಮೇಸ್ತ್ರಿ ಅಂದರೆ ಹಳದಿ ಕೊಕ್ಕಿನ ಒಂದು ದಪ್ಪ ಸೊರ್ಸಾಲ್ ಹಕ್ಕಿ. ಅಂಗಳದ ಕಂಬದ ಮೇಲೆ ನೋಲ್ಬೆರ್ತೋ ಮೊಳೆ ಹೊಡೆದು ಕೂರಿಸಿದ್ದ ಹಲಗೆಗೆ ಚಳಿಗಾಲವಿಡೀ ಬರುತ್ತಿತ್ತು. ಜುಟ್ಟಿನ ಚಿಂಕೋಲ್ ಗುಬ್ಬಿಗಳು, ಕೊಬ್ಬಿನ ಆಸೆಗೆ ಕಾಡು ಬಿಟ್ಟು ಊರಿಗಿಳಿಯುವ ಹಳದಿ ಹೊಟ್ಟೆಯ ಪುಟ್ಟ ಹಕ್ಕಿಗಳು, ಎಲ್ಲವನ್ನೂ ಓಡಿಸುವುದರಲ್ಲೇ ಅದರ ಹೊತ್ತು ಹೋಗುತ್ತಿತ್ತು. ತಾನು ತಿನ್ನುತ್ತಿದ್ದುದು ಕಡಿಮೆ. ನೋಲ್ಬೆರ್ತೋ ದೊಡ್ಡ ಎಸ್ಟೇಟಿನಲ್ಲಿ ಕುರಿ ಕಾಯುತ್ತಿದ್ದಾಗ ಅವನ ಮೇಲಿದ್ದ ಮೇಸ್ತ್ರಿಯೂ ಹೀಗೇ ಇದ್ದನಂತೆ.

ಅವನ ಎದೆ ಹಾಳಾದದ್ದು ಆ ಎಸ್ಟೇಟಿನ ಕಾವಲು ಗುಡಿಸಲುಗಳಲ್ಲಿ. ನೆಲದ ಮೇಲೆ ಬೆಂಕಿ, ತಗಡಿನ ಚಾವಣಿ, ಹೊಗೆ ಹೋಗಲು ಬಾಗಿಲೊಂದೇ ದಾರಿ. ಈಗ ಎರಡು ಮೆಟ್ಟಿಲು ಹತ್ತಿದರೆ ನಿಂತು ಗೋಡೆ ಹಿಡಿಯುತ್ತಾನೆ. ಆರೋಗ್ಯ ಕೇಂದ್ರದ ನರ್ಸ್ ಪ್ರತಿ ಸಲ ಎರಡೇ ಮಾತು ಹೇಳಿ ಕಳಿಸುತ್ತಾಳೆ: ಬೆಚ್ಚಗಿಡಿ, ಹೊಗೆ ತಾಕಿಸಬೇಡಿ. ದಕ್ಷಿಣದ ತುದಿಯ ನಮ್ಮ ಕೊಯೈಕೆ ಊರಿನಲ್ಲಿ ಈ ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಅವಳು ಹೇಳುವುದಿಲ್ಲ. ನಾನೂ ಕೇಳಿಲ್ಲ. ಕೇಳಿದರೆ ತಪ್ಪು ತಿಳಿದಾಳು ಅನಿಸುತ್ತದೆ. ಊರಿನ ಸುತ್ತ ಬೆಟ್ಟ. ಮನೆಮನೆಯಲ್ಲೂ ಸೌದೆ ಒಲೆ. ಗಾಳಿ ನಿಂತ ದಿನ ಹೊಗೆ ಬೀದಿಯಲ್ಲೇ ಉಳಿದು, ಒಗೆದು ಹಾಕಿದ ಬಟ್ಟೆಗೂ ಬ್ರೆಡ್ಡಿಗೂ ಅದೇ ವಾಸನೆ ಹತ್ತುತ್ತದೆ.

ಅದಕ್ಕೇ ನಾವಿಬ್ಬರೂ ಕೂಡಿ ಹೊಸ ಒಲೆಗೆ ಅರ್ಜಿ ಹಾಕಿದ್ದೆವು. ಹಳೆಯ ಸೌದೆ ಒಲೆ ಒಪ್ಪಿಸಿದರೆ ಪೆಲೆಟ್ ಒಲೆ ಕೊಡುವ ಯೋಜನೆ ಅದು. ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಬೆರಳ ತುದಿಯಷ್ಟು ಉದ್ದದ ತುಂಡುಗಳು. ಮೇಲಿನ ಪೆಟ್ಟಿಗೆಗೆ ಸುರಿದರೆ ಒಳಗಿನ ಒಂದು ತಿರುಪು ಕರೆಂಟಿನಲ್ಲಿ ತಿರುಗುತ್ತಾ ಸ್ವಲ್ಪಸ್ವಲ್ಪವಾಗಿ ಉರಿಯುವ ಬಟ್ಟಲಿಗೆ ಬೀಳಿಸುತ್ತದೆ. ಹೊಗೆ ಇಲ್ಲವೇ ಇಲ್ಲ ಎನ್ನಬಹುದು. ಒಲೆ ಕೂರಿಸಲು ಬಂದವರು ನಮ್ಮ ಹಳೆಯದನ್ನು ಹೊರಗೆ ಹೊತ್ತು, ಮತ್ತೆ ಯಾರೂ ಹಚ್ಚಬಾರದೆಂದು ನಮ್ಮೆದುರೇ ಸುತ್ತಿಗೆಯಿಂದ ಒಡೆದರು. ಹಳೆಯ ಹೊಗೆಕೊಳವೆ ಹೋಗುತ್ತಿದ್ದ ಚಾವಣಿಯ ತೂತಿಗೆ ತಗಡು ಬಡಿದರು. ನಿಯಮ ಹಾಗೇ ಇತ್ತು, ನಾನೇ ಓದಿ ಹೇಳಿದ್ದೆ. ಆದರೂ ಎರಕದ ಕಬ್ಬಿಣ ಒಡೆದಾಗ ನೋಲ್ಬೆರ್ತೋ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಮೊದಲ ಚಳಿಗಾಲ ಚೆನ್ನಾಗಿತ್ತು. ಕೆಮ್ಮು ಅರ್ಧಕ್ಕಿಳಿಯಿತು. ಅವನ ಒಂದೇ ತಕರಾರು, ಹೊಸ ಒಲೆಯ ಮೇಲೆ ಏನೂ ಇಡುವ ಹಾಗಿಲ್ಲ ಎಂಬುದು. ಹಳೆಯದರ ಮೇಲೆ ದಿನವಿಡೀ, ಮಾಟೆ ಎಂಬ ಎಲೆಯ ಕಷಾಯಕ್ಕೆಂದು ನೀರಿನ ಕೆಟಲ್ ಕೂತಿರುತ್ತಿತ್ತು. ಪಕ್ಕದಲ್ಲಿ ಹಕ್ಕಿಗಳ ಪಾತ್ರೆಯಲ್ಲಿ ಕುರಿಯ ಕೊಬ್ಬು ತನ್ನಷ್ಟಕ್ಕೆ ಕರಗುತ್ತಿತ್ತು. ಈಗ ಅದಕ್ಕೂ ಗ್ಯಾಸ್ ಹಚ್ಚಬೇಕು. "ಈ ಒಲೆ ಆಫೀಸಿನವರ ಹಾಗೆ. ತನ್ನ ಕೆಲಸ ಬಿಟ್ಟು ಬೇರೆ ಏನೂ ಮಾಡಲ್ಲ," ಎನ್ನುತ್ತಿದ್ದ. ಆದರೂ ಗ್ಯಾಸಿನ ಮೇಲೆ ಕೊಬ್ಬು ಕರಗಿಸಿ, ಕೋಳಿಗೆ ಹಾಕುವ ಗೋಧಿ ಕಲಸಿ, ದಿನಾ ಬೆಳಿಗ್ಗೆ ಕೋಟು ಹೊದ್ದು ಹಲಗೆಯವರೆಗೆ ಹೋಗಿ ಬರುತ್ತಿದ್ದ. ಇಡೀ ದಿನದಲ್ಲಿ ಅವನು ಮಾಡುತ್ತಿದ್ದ ಕೆಲಸ ಅದೊಂದೇ.

ಎರಡನೆಯ ಚಳಿಗಾಲ, ನಮ್ಮ ಕಡೆ ಚಳಿ ಬಲಿಯುವ ಜೂನ್ ಕೊನೆಗೆ ಪೆಲೆಟ್ ಬೆಲೆ ಏರಿತು. ಪಿಂಚಣಿಯ ಅರ್ಧ ಮೂಟೆಗಳಿಗೇ ಹೋಗತೊಡಗಿತು. ನಾನು ಒಲೆಯ ಗುಂಡಿಯನ್ನು ಒಂದೊಂದೇ ಅಂಕಿ ಕೆಳಗಿಳಿಸುತ್ತಾ, ಅವನಿಗೆ ಇನ್ನೊಂದು ಸ್ವೆಟರ್ ತೊಡಿಸುತ್ತಾ ಬಂದೆ. ಜುಲೈಯಲ್ಲಿ, ಹಿಮ ಗಟ್ಟಿಯಾಗಿ ಕೂತ ವಾರ, ಪೆಲೆಟ್ ಸಿಗುವುದೇ ನಿಂತಿತು.

ಆ ಬೆಳಿಗ್ಗೆ ನಾನು ಕೈಗಾಡಿ ಎಳೆದುಕೊಂಡು ಅಂಗಡಿಗೆ ಹೋದಾಗ ಸಾಲು ಮೂಲೆ ತಿರುಗಿ ಬೇಕರಿಯವರೆಗೆ ಬಂದಿತ್ತು. ಬಾಗಿಲಲ್ಲಿ ಅಂಗಡಿಯವನು ಕೈ ಎತ್ತಿ ಕೂಗುತ್ತಿದ್ದ.

"ಹಡಗು ಬಂದಿಲ್ಲ ಕಣ್ರಮ್ಮಾ! ಹಡಗು ಬಂದ್ರೆ ಲಾರಿ ಬರುತ್ತೆ, ಲಾರಿ ಬಂದ್ರೆ ಮೂಟೆ ಬರುತ್ತೆ. ನಾನೇನು ಹೊಟ್ಟೆಯಿಂದ ಹೆರಲಾ?"

"ಹೆರೋ ಹಾಗೇ ಇದೆಯಲ್ಲಪ್ಪ ಹೊಟ್ಟೆ," ಎಂದಳು ನನ್ನ ಮುಂದಿದ್ದವಳು. ಸಾಲು ನಕ್ಕಿತು.

ಹಾಗೆ ಅಂದವಳು ಒರ್ಫೆಲೀನಾ. ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟವಳು, ನನ್ನ ಜೊತೆ ಸಂಜೆ ಶಾಲೆಯಲ್ಲಿ ಓದಿದವಳು. ಅವಳ ಬುಟ್ಟಿಯಲ್ಲಿ ಪೆಲೆಟ್ ಇರಲಿಲ್ಲ, ಗೋಧಿಯ ಚೀಲವಿತ್ತು.

"ಕೋಳಿ ಸಾಕಿದೀಯಾ?" ಎಂದೆ.

"ಕೋಳಿ ಎಲ್ಲಿಂದ ಬಂತು, ಒಲೆಗೆ ಇದು. ಬಾಯಿ ಬಿಟ್ಟು ನೋಡಬೇಡ ಎರ್ಸೀರಾ, ನಮ್ಮ ಬೀದೀಲಿ ಎಲ್ಲರೂ ಹಾಕ್ತಿದಾರೆ. ಪೆಲೆಟ್ ಜೊತೆ ಬೆರೆಸಿ ಹಾಕು. ಚೆನ್ನಾಗಿ ಉರಿಯುತ್ತೆ."

"ಒಲೆ ಕೆಡಲ್ವಾ?"

"ನಂದು ಕೆಟ್ಟಿಲ್ಲ."

"ಪುಸ್ತಕದಲ್ಲಿ ಪೆಲೆಟ್ ಬಿಟ್ಟು ಬೇರೇನೂ ಹಾಕಬಾರದು ಅಂತ ಇದೆ."

"ಆ ಪುಸ್ತಕ ಬರೆದವನ ಮನೇಲಿ ಪೆಲೆಟ್ ಇತ್ತು," ಎಂದಳು. "ದಿನಾ ಬೆಳಿಗ್ಗೆ ಬಟ್ಟಲು ಕೆರೆದು ತೆಗೀಬೇಕು, ಗಾಜಿನ ಹಾಗೆ ಗಟ್ಟಿ ಕಟ್ಟುತ್ತೆ. ಅಷ್ಟೇ."

ನಾನು ಅದನ್ನೇ ಇನ್ನೆರಡು ಸಲ ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಅವಳು ಎರಡು ಸಲವೂ ಅದನ್ನೇ ಹೇಳಿದಳು. ಮತ್ತೂ ಕೇಳಿದಾಗ ಹಿಂದಿದ್ದ ಗಂಡಸು, "ಅಮ್ಮಾ, ಬೇಕಾದ್ರೆ ನಾನೂ ಹೇಳ್ತೀನಿ, ಕೆಡಲ್ಲ," ಎಂದ.

ಮನೆಗೆ ಬಂದು ಹಿತ್ತಲ ಕೋಣೆಯಲ್ಲಿದ್ದ ಗೋಧಿ ಮೂಟೆಯ ಮುಂದೆ ನಿಂತೆ. ಅದು ನೋಲ್ಬೆರ್ತೋ ಬೇಸಗೆಯಲ್ಲೇ ತರಿಸಿಟ್ಟದ್ದು, ಹಕ್ಕಿಗಳದು. ಅವನ ಉಸಿರು ದೊಡ್ಡದೋ ಹಕ್ಕಿಗಳ ಹೊಟ್ಟೆ ದೊಡ್ಡದೋ ಎಂದು ಯಾರಾದರೂ ಕೇಳಿದ್ದರೆ ನನಗೆ ಯೋಚಿಸಬೇಕಾದ್ದೇ ಇರಲಿಲ್ಲ. ಆದರೂ ಕೇಳದೆ ತೆಗೆದುಕೊಳ್ಳುವುದು ಸರಿಯೇ ಎಂದು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಆಮೇಲೆ ಪಾತ್ರೆಯಲ್ಲಿ ತೋಡಿ, ಪೆಟ್ಟಿಗೆಯ ತಳದಲ್ಲಿ ಉಳಿದ ಪೆಲೆಟ್‌ಗೆ ಬೆರೆಸಿದೆ.

ಉರಿಯಿತು. ಒರ್ಫೆಲೀನಾ ಹೇಳಿದ ಹಾಗೇ, ಸ್ವಲ್ಪ ಹಳದಿಯಾಗಿ, ಚಟಪಟ ಎನ್ನುತ್ತಾ ಉರಿಯಿತು. ನಾನು ಗಾಜಿನ ಬಾಗಿಲ ಮುಂದೆ ಮಂಡಿಯೂರಿ ಕೂತು ನೋಡುತ್ತಿದ್ದೆ.

"ಯಾರೋ ಗೋಧಿ ಹುರೀತಿದಾರೆ," ಎಂದ ನೋಲ್ಬೆರ್ತೋ, ಮೂಗು ಮೇಲೆತ್ತಿ. "ಅಮ್ಮ ಹುರೀತಿದ್ಳು ನೋಡು, ಹುರಿಹಿಟ್ಟಿಗೆ. ಮರಳು ಹಾಕಿ ಹುರೀತಿದ್ಳು. ಬಿಸಿ ನೀರು, ಸಕ್ಕರೆ ಹಾಕಿ ಕೊಟ್ರೆ ಇಡೀ ದಿನ ಕುದುರೆ ಮೇಲೆ ಹಸಿವಾಗ್ತಿರಲಿಲ್ಲ. ಯಾರ ಮನೇದು ಈ ವಾಸನೆ?"

"ನಮ್ಮನೇದೇ."

ಅವನು ತಿರುಗಿದ. ಒಲೆಯ ಮೇಲೆ ಏನೂ ಇರಲಿಲ್ಲ. ನನ್ನ ಕೈಯಲ್ಲಿ ಗೋಧಿಯ ಪಾತ್ರೆ ಇತ್ತು. ಅವನಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಪೆಲೆಟ್ ಯಾವಾಗ ಮುಗೀತು?"

"ಇವತ್ತು."

"ಧೂಳು ಒರೆಸ್ತಿದ್ದೆ ಅಂದೆ."

ಅವನು ಕಿಟಕಿಯ ಕಡೆಗೂ ಒಲೆಯ ಕಡೆಗೂ ನೋಡಿದ. ಆಮೇಲೆ, "ಅವುಗಳ ಪಾಲು ಅವಕ್ಕೆ ಎತ್ತಿಡು. ಉಳಿದದ್ದು ಸುಡು," ಎಂದ. "ಮೇಸ್ತ್ರಿಗೆ ಗೊತ್ತಾದ್ರೆ ಮುಷ್ಕರ ಮಾಡಿಸ್ತಾನೆ."

ಹಾಗೆ ಒಪ್ಪಂದವಾಯಿತು. ಹಕ್ಕಿಗಳ ಪಾಲಿನ ಗೋಧಿಯನ್ನು ನಾನು ಒಂದು ಬಕೆಟ್ಟಿಗೆ ಹಾಕಿ ಅವನ ಕುರ್ಚಿಯ ಪಕ್ಕದಲ್ಲಿಟ್ಟೆ. ಅವನು ಅದಕ್ಕೆ ಕೊಬ್ಬು ಕಲಸಿಟ್ಟುಕೊಂಡು, ದಿನಾ ಅಷ್ಟಷ್ಟೇ ಹಲಗೆಗೆ ಹಾಕುತ್ತಿದ್ದ. ಮೂಟೆಯಲ್ಲಿ ಉಳಿದದ್ದು ಒಲೆಗೆ. ದಿನಾ ಬೆಳಿಗ್ಗೆ ಒಲೆ ಆರಿಸಿ, ಅದು ತಣಿಯುವವರೆಗೆ ಅವನಿಗೆ ಎರಡು ಕಂಬಳಿ ಹೊದಿಸಿ, ಬಟ್ಟಲಲ್ಲಿ ಕಟ್ಟಿದ ಕರಿಗಾಜಿನಂಥ ಗಟ್ಟಿಯನ್ನು ನಾನು ಸ್ಕ್ರೂಡ್ರೈವರಿನಿಂದ ಎಬ್ಬಿಸುತ್ತಿದ್ದೆ. ಒಲೆಯ ಪುಸ್ತಕವನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳುತ್ತಿದ್ದೆ. ಅದರಲ್ಲಿ ಗೋಧಿಯ ಬಗ್ಗೆ ಏನೂ ಇರಲಿಲ್ಲ, ಆದರೂ ಅದು ಪಕ್ಕದಲ್ಲಿದ್ದರೆ ಧೈರ್ಯ.

"ಸಂಜೆ ಶಾಲೆ ಪಂಡಿತರು ಆಪರೇಷನ್ ಮಾಡ್ತಿದಾರೆ, ಯಾರೂ ಮಾತಾಡಬಾರದು," ಎನ್ನುತ್ತಿದ್ದ ನೋಲ್ಬೆರ್ತೋ ಕಂಬಳಿಯೊಳಗಿಂದ.

ಕೆಲವೇ ದಿನಗಳಲ್ಲಿ ಊರಿನಲ್ಲಿ ಗೋಧಿಯೂ ಸಿಗದಾಯಿತು. ಕೋಳಿ ಸಾಕುವವರು ಕಾಳಿನ ಅಂಗಡಿಯ ಮುಂದೆ ನಿಂತು ಪೆಲೆಟ್ ಒಲೆಯವರಿಗೆಲ್ಲ ಬೈಯತೊಡಗಿದರು. ಬೀದಿಯಲ್ಲಿ ನಡೆದರೆ ಒಂದು ಮನೆಯಿಂದ ಹಸಿ ಸೌದೆಯ ಹೊಗೆ, ಇನ್ನೊಂದು ಮನೆಯಿಂದ ಹುರಿಹಿಟ್ಟಿನ ವಾಸನೆ. ನಮ್ಮ ಮೂಟೆ ಕುಗ್ಗಿ ಮಡಿಕೆ ಬಿತ್ತು. ಕರೆಂಟಿನ ಹೀಟರ್ ಒಂದಿತ್ತು, ಹಚ್ಚಿದ ಸ್ವಲ್ಪ ಹೊತ್ತಿಗೆ ಫ್ಯೂಸ್ ಹಾರಿ ಇಡೀ ಮನೆ ಕತ್ತಲಾಗುತ್ತಿತ್ತು. ಗ್ಯಾಸ್ ಹೀಟರ್ ಅವನ ಎದೆಗೆ ಆಗದೆಂದು ನರ್ಸ್ ಮೊದಲೇ ಹೇಳಿದ್ದಳು.

ನೋಲ್ಬೆರ್ತೋನ ತಂಗಿ ಉಬೆರ್ಲಿಂದಾ ಎರಡು ಬೀದಿ ಆಚೆ ಇರುತ್ತಾಳೆ. ಬಂದಾಗಲೆಲ್ಲ ಕೋಟು ಬಿಚ್ಚದೆ ನಿಂತು, ನಮ್ಮ ಒಲೆಯನ್ನು ಸತ್ತ ನಾಯಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

"ಅತ್ತಿಗೆ, ಒಳ್ಳೇ ಕಬ್ಬಿಣದ ಒಲೆ ಕೊಟ್ಟು ಈ ಟೀವಿ ಡಬ್ಬ ತಗೊಂಡ್ರಲ್ಲ. ಬೆಂಕಿ ಕಾಣುತ್ತೆ, ಬಿಸಿ ಕಾಣಲ್ಲ. ನನ್ನ ಮನೆಗೆ ಬಂದ್ಬಿಡಿ ಇಬ್ಬರೂ. ನನ್ನ ಅಡುಗೆಮನೇಲಿ ಬೆವರು ಬರುತ್ತೆ."

"ಬೆವರೂ ಬರುತ್ತೆ, ಕಣ್ಣಲ್ಲಿ ನೀರೂ ಬರುತ್ತೆ," ಎಂದ ನೋಲ್ಬೆರ್ತೋ. "ನಿನ್ನ ಸೌದೆ ಇನ್ನೂ ಕಾಡಲ್ಲಿ ಇದೀನಿ ಅಂತಾನೇ ತಿಳ್ಕೊಂಡಿದೆ. ಎಲೆ ಬಿಡೋದೊಂದು ಬಾಕಿ."

"ಬೇಸಗೇಲಿ, ಜನವರೀಲಿ ತಗೊಳ್ಳೋಕೆ ನನ್ನ ಹತ್ರ ದುಡ್ಡಿರಲಿಲ್ಲ ಮಾರಾಯ. ಒಣಗಿದ್ದು ದುಡ್ಡಿದ್ದೋರಿಗೆ."

ಅವಳು ಹೋದ ಮೇಲೆ ಅವನು, "ಅವಳ ಮನೆಗೆ ಮಾತ್ರ ಕಳಿಸಬೇಡ ಮುದುಕಿ," ಎಂದ. ನಗುತ್ತಾ ಹೇಳಲಿಲ್ಲ. "ಕಳೆದ ಸಲ ಅಲ್ಲಿ ಒಂದು ಮಧ್ಯಾಹ್ನ ಕೂತಿದ್ದಕ್ಕೆ ಆಮೇಲೆ ಆಸ್ಪತ್ರೆಲಿ ಮಲಗಿದ್ದು ಗೊತ್ತಲ್ಲ."

"ಕಳಿಸಲ್ಲ," ಎಂದೆ.

ಹಡಗು ಬಂತೆಂದು ರೇಡಿಯೊದಲ್ಲಿ ಕೇಳಿದ ಬೆಳಿಗ್ಗೆ ನಮ್ಮ ಗೋಧಿ ಮೂಟೆ ಪೂರ್ತಿ ಖಾಲಿಯಾಗಿತ್ತು. ಕೊನೆಯ ಕಾಳುಗಳನ್ನು ಪೆಟ್ಟಿಗೆಗೆ ಸುರಿದು, ಒಲೆಯ ಗುಂಡಿಯನ್ನು ತೀರ ಕಡಿಮೆಗೆ ಇಳಿಸಿ ಹೊರಟೆ.

"ಇದು ಮಧ್ಯಾಹ್ನದವರೆಗೆ ಬರುತ್ತೆ. ಅಷ್ಟರಲ್ಲಿ ಬರ್ತೀನಿ. ಒಲೆ ಮುಟ್ಟಬೇಡ. ಏನಾದ್ರೂ ಆದ್ರೆ ಫೋನ್ ಮಾಡು."

"ಏನಾಗುತ್ತೆ? ಹೋಗು. ಸಾಲಲ್ಲಿ ಯಾರಿಗೂ ಜಾಗ ಬಿಟ್ಟುಕೊಡಬೇಡ. ನೀನು ಎಲ್ಲರಿಗೂ ಬಿಟ್ಟುಕೊಡ್ತೀಯ."

ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಮಗು ಎತ್ತಿಕೊಂಡವಳೊಬ್ಬಳು ಕೇಳಿದಾಗ ಮಾತ್ರ, ಅದೂ ಒಬ್ಬಳಿಗೆ. ಆ ದಿನ ಗಾಳಿ ನಿಂತಿತ್ತು. ಹೊಗೆ ಎಷ್ಟು ಕೆಳಗಿಳಿದಿತ್ತೆಂದರೆ ಸಾಲಿನ ತುದಿ ಕಾಣುತ್ತಿರಲಿಲ್ಲ. ಸಾಲಲ್ಲೇ ಯಾರೋ ಫೋನಿಗೆ ಬಂದ ಸರ್ಕಾರದ ಎಚ್ಚರಿಕೆ ಓದಿದರು: ಇಂದು ಮತ್ತು ನಾಳೆ ಊರಿನಲ್ಲಿ ಸೌದೆ ಒಲೆ ಹಚ್ಚುವಂತಿಲ್ಲ. ಜನ ಅಂಗಡಿಯ ಸುತ್ತಲಿನ ಚಿಮಣಿಗಳ ಕಡೆ ನೋಡಿದರು. ಎಲ್ಲ ಹೊಗೆಯಾಡುತ್ತಿದ್ದವು.

ಮಧ್ಯಾಹ್ನ ದಾಟಿದ ಮೇಲೆ ಲಾರಿ ಬಂತು. ಒಬ್ಬರಿಗೆ ಒಂದೇ ಮೂಟೆ ಎಂದರು. ಮೂಟೆ ಕೈಗಾಡಿಗೆ ಬಿದ್ದಾಗ ಅಲ್ಲೇ ಅದರ ಮೇಲೆ ಕೂರೋಣವೆನಿಸಿತು. ಹಿಮದ ಮೇಲೆ ಗಾಡಿ ಎಳೆಯುತ್ತಾ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ, ಗುಂಡಿಯನ್ನು ಕಡಿಮೆಯಲ್ಲೇ ಇಟ್ಟರೆ ಇದು ಎಷ್ಟು ದಿನ, ಮುಂದಿನ ಹಡಗು ಯಾವಾಗ ಎಂದು.

ನಮ್ಮ ಮನೆಯ ಕಿಟಕಿ ಹಾರುಹೊಡೆದಿತ್ತು. ದೂರದಿಂದಲೇ ಕಂಡಿತು. ಕಿಟಕಿಯಿಂದ ಬೂದು ಹೊಗೆ ಬರುತ್ತಿತ್ತು, ಸುಟ್ಟ ಕುರಿಮಾಂಸದ ವಾಸನೆ.

ಒಳಗೆ ನೋಲ್ಬೆರ್ತೋ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದ. ಒಂದು ಕೈಯಲ್ಲಿ ಉಸಿರಿನ ಪಂಪು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. ಒಲೆಯ ದೀಪ ಕೆಂಪಗೆ ಮಿನುಗುತ್ತಿತ್ತು. ಕುರ್ಚಿಯ ಪಕ್ಕದ ಬಕೆಟ್ ಖಾಲಿ.

ನನಗೆ ಎಲ್ಲವೂ ಒಂದೇ ಸಲ ತಿಳಿಯಿತು. ಗೋಧಿ ನಾನು ಬರುವ ಮೊದಲೇ ಮುಗಿದಿದೆ. ಬೆಂಕಿ ಕೆಳಗಿಳಿದಿದೆ. ಬೆಂಕಿ ಸಾಯುತ್ತಿದ್ದರೆ ಕುರಿ ಕಾಯುವವರು ಏನು ಮಾಡುತ್ತಾರೋ ಅದನ್ನೇ ಅವನು ಮಾಡಿದ್ದಾನೆ. ಹಸಿ ಸೌದೆ ಹಿಡಿಯದಿದ್ದರೆ ಒಂದು ಮುಷ್ಟಿ ಕೊಬ್ಬು ಎಸೆಯುವುದು, ಭಗ್ಗೆಂದು ಏಳುತ್ತದೆ. ನಮ್ಮ ಹಳೆಯ ಒಲೆಗೂ ಹಾಗೇ ಎಸೆಯುತ್ತಿದ್ದೆವು, ನಾನೂ ಎಸೆದಿದ್ದೇನೆ. ಇಲ್ಲಿ ಎಸೆಯಲು ಬೆಂಕಿಗೆ ಬಾಯಿಲ್ಲ, ಮೇಲೆ ಪೆಟ್ಟಿಗೆ ಮಾತ್ರ. ಹಕ್ಕಿಗಳಿಗೆಂದು ಕಲಸಿಟ್ಟ ಕೊಬ್ಬಿನ ಗೋಧಿಯನ್ನು ಬಕೆಟ್ಟಿನಿಂದ ಪೂರ್ತಿ ಅದಕ್ಕೆ ಬಗ್ಗಿಸಿದ್ದಾನೆ.

"ಮೊದಲು ಚೆನ್ನಾಗಿ ಎದ್ದಿತು," ಎಂದ. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದ. "ಎಷ್ಟು ಚೆನ್ನಾಗಿ ಗೊತ್ತಾ. ಆಮೇಲೆ... ಕರಕರ ಅಂತು."

"ಮುಟ್ಟಬೇಡ ಅಂದಿದ್ದೆ."

"ನೀನು ಬರೋ ಹೊತ್ತಿಗೆ ಬೆಚ್ಚಗಿರಲಿ ಅಂತ."

ಅವನನ್ನು ಎಬ್ಬಿಸಿ ಹಾಸಿಗೆಗೆ ಕರೆದೊಯ್ದು, ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದೆ. ಹೊಗೆ ಹೋದ ಮೇಲೆ ಕಿಟಕಿ ಮುಚ್ಚಿದೆ. ರಬ್ಬರ್ ಚೀಲಕ್ಕೆ ಬಿಸಿ ನೀರು ತುಂಬಿ ಕಾಲ ಬಳಿ ಇಟ್ಟೆ. ಆಮೇಲೆ ಒಲೆ ತೆರೆದೆ. ಬಟ್ಟಲಿನ ಗಟ್ಟಿಯನ್ನು ಎಬ್ಬಿಸಬಹುದಿತ್ತು. ಆದರೆ ತಿರುಪು ಇರುವ ಕೊಳವೆಯೊಳಗೆ ಕೊಬ್ಬು ಕರಗಿ ಗೋಧಿಯನ್ನು ಹಿಡಿದುಕೊಂಡು ಕಲ್ಲಿನ ಹಾಗೆ ಕೂತಿತ್ತು. ಸ್ಕ್ರೂಡ್ರೈವರ್, ಹೆಣಿಗೆಯ ಸೂಜಿ, ಬಿಸಿ ಮಾಡಿದ ತಂತಿ, ಯಾವುದಕ್ಕೂ ಜಗ್ಗಲಿಲ್ಲ. ನನ್ನ ಬೆರಳ ಗಂಟು ಸುಲಿಯಿತು, ಅಷ್ಟೇ.

ಒಲೆಯವರಿಗೆ ಫೋನ್ ಮಾಡಿದೆ. ಆ ಕಡೆ ಒಬ್ಬ ಯುವಕನ ದನಿ.

"ಪೆಲೆಟ್ ಬಿಟ್ಟು ಬೇರೆ ಏನಾದ್ರೂ ಹಾಕಿದ್ರಾ ಮೇಡಂ?"

ಇಲ್ಲ ಎಂದರೆ ಬೇಗ ಬರಬಹುದು. ಆದರೆ ಕೊಳವೆ ಬಿಚ್ಚಿದ ಕೂಡಲೇ ಅವನಿಗೆ ತಿಳಿದೇ ತಿಳಿಯುತ್ತದೆ.

"ಗೋಧಿ," ಎಂದೆ. "ಕೊಬ್ಬೂ ಸ್ವಲ್ಪ."

"ಕೊಬ್ಬಾ?"

"ಕುರಿದು."

ಆ ಕಡೆ ಅವನು ಫೋನಿಗೆ ಕೈ ಅಡ್ಡ ಹಿಡಿದು ಯಾರಿಗೋ ಏನೋ ಹೇಳಿದ. ನಗು ಕೇಳಿಸಿತು. ಮತ್ತೆ ದನಿ ಬಂದಾಗ ಮೆತ್ತಗಿತ್ತು. "ನೋಡಿ ಮೇಡಂ, ಗೋಧಿ ಹಾಕಿದ ಒಲೆಗಳೇ ನಮಗೆ ಸಾಲು ನಿಂತಿವೆ. ಮೆಕ್ಯಾನಿಕ್ ಒಬ್ಬನೇ. ಬರೋ ವಾರ ನೋಡೋಣ. ಗ್ಯಾರಂಟಿ ಅಂತೂ ಇರಲ್ಲ."

"ನಮ್ಮನೆಯವರಿಗೆ ಉಸಿರಿನ ತೊಂದರೆ ಇದೆ."

"ಎಲ್ಲರ ಮನೇಲೂ ಯಾರಾದ್ರೂ ಇದಾರೆ ಮೇಡಂ," ಎಂದ. ಒರಟಾಗಿ ಹೇಳಲಿಲ್ಲ. ಅವನ ಮನೆಯಲ್ಲೂ ಯಾರೋ ಇದ್ದಾರೇನೋ ಅನಿಸಿತು.

ಆರೋಗ್ಯ ಕೇಂದ್ರಕ್ಕೂ ಮಾಡಿದೆ. ತುಟಿ ನೀಲಿಯಾದರೆ ಕರೆತನ್ನಿ, ಚಳಿಗೆಂದು ಹಾಸಿಗೆ ಕೊಡಲಾಗದು ಎಂದರು. ಬೆಚ್ಚಗಿಡಿ ಎಂದರು. ಕರೆಂಟಿನ ಹೀಟರ್ ಹಚ್ಚಿದೆ, ಫ್ಯೂಸ್ ಹಾರಿತು, ಸರಿಮಾಡಿ ಮತ್ತೆ ಹಚ್ಚಿದೆ, ಮತ್ತೆ ಹಾರಿತು. ಅಷ್ಟರಲ್ಲಿ ಕೋಣೆಯಲ್ಲಿ ನಮ್ಮ ಉಸಿರು ಕಾಣತೊಡಗಿತ್ತು. ಬಾಗಿಲ ಬಳಿ ಪೆಲೆಟ್ ಮೂಟೆ ಗಾಡಿಯಿಂದ ಇಳಿಸಿದ ಹಾಗೇ, ಹೊಲಿಗೆ ಕೂಡ ಬಿಚ್ಚದೆ ನಿಂತಿತ್ತು.

ಹಾಸಿಗೆಯಿಂದ ನೋಲ್ಬೆರ್ತೋನ ಹಲ್ಲು ಕಟಕಟಿಸುವುದು ಕೇಳುತ್ತಿತ್ತು. ತುಟಿ ನೋಡಿದೆ. ನೀಲಿಯೇ, ಅಥವಾ ಸಂಜೆಯ ಬೆಳಕೇ? ದೀಪ ತಂದು ನೋಡಿದೆ. ಆಗಲೂ ತಿಳಿಯಲಿಲ್ಲ.

ಉಬೆರ್ಲಿಂದಾಗೆ ಫೋನ್ ಮಾಡಿದೆ.

"ಬೇಡ ಅಂದಿದ್ದೆ," ಎಂದ ಅವನು ಕಂಬಳಿಯೊಳಗಿಂದ. ತಡೆಯುವ ದನಿಯಲ್ಲ.

"ಒಂದೇ ರಾತ್ರಿ," ಎಂದೆ. ಮೆಕ್ಯಾನಿಕ್ ಬರುವುದು ಮುಂದಿನ ವಾರವೆಂದು ಅವನಿಗೆ ಹೇಳಿರಲಿಲ್ಲ.

ಉಬೆರ್ಲಿಂದಾಳ ಮಗ ಪಿಕಪ್ ತಂದ. ಇಬ್ಬರೂ ಸೇರಿ ನೋಲ್ಬೆರ್ತೋನನ್ನು ಕಂಬಳಿ ಸಮೇತ ಮುಂದಿನ ಸೀಟಿಗೆ ಏರಿಸಿದೆವು. ಹೊರಡುವ ಮುನ್ನ ಅವನು ಗಾಜು ಒರೆಸಿ ಅಂಗಳದ ಕಡೆ ನೋಡಿದ. ಹಲಗೆಯ ಅಂಚಿನಲ್ಲಿ ಹಳದಿ ಹೊಟ್ಟೆಯ ಮೂರು ಹಕ್ಕಿ ಗರಿ ಉಬ್ಬಿಸಿಕೊಂಡು ಕೂತಿದ್ದವು. ಅವುಗಳನ್ನು ಓಡಿಸಲು ಅಲ್ಲಿ ಮೇಸ್ತ್ರಿಯೂ ಇರಲಿಲ್ಲ.

"ಏನಾದ್ರೂ ಹಾಕು," ಎಂದ.

ಮನೆಯಲ್ಲಿದ್ದ ಅರ್ಧ ಬ್ರೆಡ್ಡನ್ನು ಹಲಗೆಯ ಮೇಲೆ ಪುಡಿ ಮಾಡಿದೆ. ಒಂದು ಹಕ್ಕಿ ಬಂದು ಕುಕ್ಕಿತು, ಬಿಟ್ಟಿತು, ಮತ್ತೆ ಕುಕ್ಕಿತು. ಚಳಿಗೆ ಬೇಕಾದ್ದು ಅದರಲ್ಲಿರಲಿಲ್ಲ. ಕೊಬ್ಬೆಲ್ಲ ಒಲೆಯ ಕೊಳವೆಯಲ್ಲಿತ್ತು.

ಉಬೆರ್ಲಿಂದಾಳ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಬಿಸಿ ಮುಖಕ್ಕೆ ಹೊಡೆಯಿತು. ಜೊತೆಗೆ ಹೊಗೆಯೂ. ಒಲೆಯಲ್ಲಿ ಲೆಂಗಾ ಮರದ ಹಸಿ ಸೌದೆ ತುದಿಯಿಂದ ನೊರೆ ಉಗುಳುತ್ತಾ ಸುಯ್ಯೆನ್ನುತ್ತಿತ್ತು. ಮೇಲೆ ಕೆಟಲ್ ಕುದಿಯುತ್ತಿತ್ತು.

"ಇವತ್ತು ಒಲೆ ಹಚ್ಚಬಾರದು ಅಂತ ಎಚ್ಚರಿಕೆ..." ಎಂದೆ.

"ಬರಲಿ, ಬಂದು ಆರಿಸಲಿ," ಎಂದಳು ಉಬೆರ್ಲಿಂದಾ. "ಆಮೇಲೆ ಅವರೇ ನನ್ನ ಪಕ್ಕ ಮಲಗಿ ಕಾಲು ಬೆಚ್ಚಗೆ ಮಾಡಲಿ. ಚೆಂದದವನನ್ನೇ ಕಳಿಸೋಕೆ ಹೇಳಿ. ಕೂರು ನೋಲ್ಬೆ, ಇಲ್ಲಿ, ಒಲೆ ಪಕ್ಕ."

ಅವನು ಕೂತ. ಕಾಲು ಚಾಚಿದ. ಸ್ವಲ್ಪ ಹೊತ್ತಿಗೆ ಹಲ್ಲಿನ ಸದ್ದು ನಿಂತಿತು, ಕೆನ್ನೆಗೆ ಬಣ್ಣ ಬಂತು. ಉಬೆರ್ಲಿಂದಾ ಮಾಟೆ ಕೊಟ್ಟಳು. ಎರಡು ಕೈಯಲ್ಲೂ ಹಿಡಿದು ಕುಡಿದ. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ. ನೀಲಿ ಇರಲಿಲ್ಲ.

"ಏನೇ ಅನ್ನಿ," ಎಂದ ಒಲೆಯ ಬಾಗಿಲಿನ ಕಡೆ ನೋಡುತ್ತಾ, "ಬೆಂಕಿ ಅಂದ್ರೆ ಇದು."

ಆಮೇಲೆ ಕೆಮ್ಮಿದ. ಮೊದಲು ಚಿಕ್ಕದಾಗಿ. ಎರಡನೆಯ ಸಲ ಮಾಟೆ ಕುಡಿಯುವ ಸೋರೆಬುರುಡೆ ಕೈಯಿಂದ ಬಿತ್ತು.

"ಕಿಟಕಿ ತೆಗೀರಿ ಅತ್ತಿಗೆ," ಎಂದಳು ಉಬೆರ್ಲಿಂದಾ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಒಂಚೂರು ತೆಗೀರಿ."

ನಾನು ಕಿಟಕಿಯ ಚಿಲಕ ತೆಗೆದು ಬೆರಳಷ್ಟು ಸಂದು ಮಾಡಿದೆ. ಚಳಿ ಬಂತು, ಚಳಿಯ ಜೊತೆ ಬೀದಿಯ ಹೊಗೆಯೂ ಬಂತು. ಹೊರಗೆ ಬೀದಿದೀಪದ ಸುತ್ತ ಅದು ಹಳದಿಯಾಗಿ ನಿಂತಿತ್ತು, ಒಳಗಿರುವುದಕ್ಕಿಂತ ದಪ್ಪ. ನೋಲ್ಬೆರ್ತೋ ಇನ್ನೂ ಜೋರಾಗಿ ಕೆಮ್ಮಿದ. ಮುಚ್ಚಿದೆ. ಒಲೆಯ ಗಾಳಿ ಬಾಗಿಲನ್ನು ಉಬೆರ್ಲಿಂದಾ ಕಡಿಮೆ ಮಾಡಿದಳು. ಸೌದೆ ಉರಿ ಬಿಟ್ಟು ಹೊಗೆಯಾಡಿತು. ಹೆಚ್ಚು ಮಾಡಿದಳು.

"ಆಸ್ಪತ್ರೆಗೆ ಕರ್ಕೊಂಡು ಹೋಗೋಣ್ವಾ?" ಎಂದೆ.

"ತುಟಿ ಕೆಂಪಗಿದೆಯಲ್ಲ, ವಾಪಸ್ ಕಳಿಸ್ತಾರೆ," ಎಂದ ಅವನೇ, ಉಸಿರಿನ ನಡುವೆ. "ಹೋಗಿ ಬರೋವಾಗ ಚಳಿ ತಿಂದಿದ್ದೇ ಲಾಭ."

ಅದು ನಿಜವೋ, ನನ್ನನ್ನು ಸುಮ್ಮನಾಗಿಸಲು ಹೇಳಿದ್ದೋ ತಿಳಿಯಲಿಲ್ಲ. ಪಂಪು ಕೊಟ್ಟೆ. ಎರಡು ಸಲ ಎಳೆದುಕೊಂಡ. ಕೆಮ್ಮು ಸ್ವಲ್ಪ ತಗ್ಗಿತು, ಎದೆಯ ಸೀಟಿ ತಗ್ಗಲಿಲ್ಲ. ನಾನು ಮತ್ತೆ ಕಿಟಕಿಗೆ ಹೋದೆ, ಚಿಲಕಕ್ಕೆ ಕೈ ಹಾಕಿದೆ.

"ಕಿಟಕಿ ಜೊತೆ ಜಗಳಾನಾ ಮುದುಕಿ?" ಎಂದ. "ಬಂದು ಕೂತ್ಕೋ. ನಿನ್ನ ಕೈ ನೋಡು, ರಕ್ತ."

"ತೆಗೀಲಾ? ಮುಚ್ಚಿರಲಾ? ಯಾವುದು ಹಾಯಾಗಿರುತ್ತೆ ಹೇಳು."

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹುಬ್ಬು ಗಂಟಿಕ್ಕಿ. ಉಬೆರ್ಲಿಂದಾ ಸೌದೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಾದಳು. ನಾನೂ ಕಾದೆ.

"ಗೊತ್ತಾಗ್ತಿಲ್ಲ," ಎಂದ.